ಹುಮನಾಬಾದದಿಂದ ಕಲ್ಯಾಣಕ್ಕೆ

ಶ್ರಾವಣ ಮಾಸ ಬಂದಿತೆಂದರೆ ಕಲ್ಯಾಣದ ದಾರಿ ಹಿಡಿಯುವುದು ನಮ್ಮ ಗುಂಪಿನ ಬಹು ವರ್ಷಗಳ ರೂಢಿಯಾಗಿತ್ತು. ಬೀದರ ಸೀಮೆಯ ಒಂದು ಮಠದಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ದೀಪದ ಬೆಳಕಿನಲ್ಲಿ ಓದಿ ಬೆಳೆದ ಆರು ಜನ ನಾವು. ಮುಂದೆ ಒಬ್ಬೊಬ್ಬರು ಒಂದೊಂದು ಊರಿನ ಪಾಲಾದರೂ ಶ್ರಾವಣದ ಒಂದು ವಾರ ಮಾತ್ರ ಹುಮನಾಬಾದದ ಬಸ್ ನಿಲ್ದಾಣದಲ್ಲಿ ಕೂಡಿ, ಅಲ್ಲಿಂದ ಕಲ್ಯಾಣಕ್ಕೆ ಹೋಗಿ, ಗವಿಗಳಲ್ಲಿ ಕುಳಿತು ವಚನಗಳನ್ನು ಓದಿ ಬರುತ್ತಿದ್ದೆವು. ಈಗ ಆ ಆರು ಜನರಲ್ಲಿ ಮೂವರು ಲಿಂಗೈಕ್ಯರಾಗಿದ್ದಾರೆ. ಒಬ್ಬರಿಗೆ ಮೊಣಕಾಲಿನ ಬೇನೆ; ಮೆಟ್ಟಿಲು ಹತ್ತಲಾರರು. ಇನ್ನೊಬ್ಬರು ಪುಣೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಉಳಿದವನು ನಾನೊಬ್ಬ.

ಈ ವರ್ಷ ಹೋಗುವುದೇ ಬೇಡವೆಂದು ನಾನು ಬಹುಮಟ್ಟಿಗೆ ನಿಶ್ಚಯಿಸಿದ್ದೆ. ದಾರಿಯ ಶ್ರಮಕ್ಕೆ ಅಂಜಿ ಅಲ್ಲ. ಮುಚ್ಚಿಡುವುದರಲ್ಲಿ ಅರ್ಥವಿಲ್ಲವಾದುದರಿಂದ ಹೇಳಿಬಿಡುತ್ತೇನೆ: ಓದಿನಲ್ಲಿ ಮೊದಲಿನ ಹುರುಪು ಉಳಿದಿರಲಿಲ್ಲ. ಐವತ್ತು ವರ್ಷ ನಿತ್ಯವೂ ಕೈಗೆತ್ತಿಕೊಂಡ ಪುಸ್ತಕವನ್ನು ತೆರೆದರೆ ಅಕ್ಷರ ಕಾಣುತ್ತಿತ್ತು, ಆದರೆ ಒಳಗೆ ಏನೂ ಅಲುಗುತ್ತಿರಲಿಲ್ಲ. ಓದಿದುದನ್ನು ಹೇಳಲು ಎದುರಿಗೆ ಯಾರೂ ಇಲ್ಲದಾಗ ಓದು ಒಣಗುತ್ತದೆಯೋ, ಓದು ಒಣಗಿದುದರಿಂದ ಎದುರಿನವರು ಇಲ್ಲವೆಂದು ತೋರುತ್ತದೆಯೋ ತಿಳಿಯದಾಯಿತು. ಕಡೆಗೆ, ಹಾಸಿಗೆಯ ಮೇಲಿರುವ ಗೆಳೆಯರೇ ದೂರವಾಣಿಯಲ್ಲಿ, "ನೀನಾದರೂ ಹೋಗಿ ಬಾ" ಎಂದುದಕ್ಕೆ ಜೋಳಿಗೆಯನ್ನು ಹೆಗಲಿಗೇರಿಸಿದೆ.

ಹುಮನಾಬಾದದ ಜಾತ್ರೆಯ ನೆನಪು

ಹುಮನಾಬಾದದಲ್ಲಿ ಇಳಿದವರು ವೀರಭದ್ರೇಶ್ವರನ ದರ್ಶನ ಮಾಡದೆ ಮುಂದುವರಿಯುವುದಿಲ್ಲ. ಪ್ರತಿ ವರ್ಷ ಜನವರಿಯಲ್ಲಿ ಇಲ್ಲಿ ನಡೆಯುವ ಜಾತ್ರೆಗೆ ಕರ್ನಾಟಕದವರಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣದ ಭಕ್ತರೂ ಬರುತ್ತಾರೆ. ಊರಿನ ಮಗ್ಗುಲಲ್ಲಿಯೇ ಮಾಣಿಕನಗರ. 1817ರಲ್ಲಿ ಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಜನಿಸಿದ ಮಾಣಿಕಪ್ರಭುಗಳು ಸಕಲಮತ ಸಂಪ್ರದಾಯವನ್ನು ನೆಲೆಗೊಳಿಸಿದ ಸ್ಥಾನವದು. ಬೇರೆ ಬೇರೆ ಮತದವರು, ಬೇರೆ ಬೇರೆ ನುಡಿಯವರು ನೂರಾರು ವರ್ಷ ಕೂಡಿ ಬಾಳಿದ ಈ ಸೀಮೆಯ ಗುಣ ಹುಮನಾಬಾದದ ಪೇಟೆಯಲ್ಲಿ ಈಗಲೂ ಕಾಣುತ್ತದೆ. ಒಂದೇ ಅಂಗಡಿಯ ಕಟ್ಟೆಯ ಮೇಲೆ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ.

ಗುಡಿಯ ಎದುರಿನ ಬಯಲಿನಲ್ಲಿ ನಿಂತಾಗ ಹಳೆಯದೊಂದು ನೆನಪು ಎದ್ದು ಬಂದಿತು. 1974ರ ಸುಮಾರು. ಜಾತ್ರೆಯ ದಾಸೋಹದ ಸೇವೆಗೆಂದು ನಮ್ಮ ಗುರುಗಳು ಮಠದ ಹುಡುಗರನ್ನು ಕರೆತಂದಿದ್ದರು. ಆ ದಿನಗಳಲ್ಲಿ ಉತ್ತರ ಕರ್ನಾಟಕದ ಊರೂರುಗಳಲ್ಲಿ ಸೈಕಲ್ ಸಾಹಸದ ಆಟಗಳು ನಡೆಯುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ಬಯಲಿನ ನಡುವೆ ಒಂದು ಕಂಬ ನೆಡುತ್ತಿದ್ದರು. ಕಂಬದ ತುದಿಗೆ ಧ್ವನಿವರ್ಧಕ, ಸುತ್ತಲೂ ಬಣ್ಣದ ದೀಪ. ಸವಾರ ಸೈಕಲ್ ಹತ್ತಿದನೆಂದರೆ ಮೂರು ದಿನವೋ ಐದು ದಿನವೋ ಏಳು ದಿನವೋ, ಹೇಳಿದ ಗಡುವು ಮುಗಿಯುವ ತನಕ ಕಾಲನ್ನು ನೆಲಕ್ಕೆ ತಾಗಿಸುತ್ತಿರಲಿಲ್ಲ. ಸೈಕಲ್ಲಿನ ಮೇಲೆಯೇ ಸ್ನಾನ, ಸೈಕಲ್ಲಿನ ಮೇಲೆಯೇ ಊಟ, ಸೈಕಲ್ಲಿನ ಮೇಲೆಯೇ ಬಟ್ಟೆ ಬದಲಿಸುವುದು. ಸಂಜೆ ಜನ ಕೂಡಿದಾಗ ಕೈಬಿಟ್ಟು ತುಳಿಯುವುದು, ಹ್ಯಾಂಡಲ್ಲಿನ ಮೇಲೆ ಕುಳಿತು ಹಿಮ್ಮುಖವಾಗಿ ನಡೆಸುವುದು, ಮುಂದಿನ ಗಾಲಿಯನ್ನು ಮೇಲೆತ್ತಿ ಹಿಂದಿನ ಗಾಲಿಯೊಂದರ ಮೇಲೆಯೇ ಸುತ್ತುವುದು, ನೆಲದ ಮೇಲಿಟ್ಟ ನೋಟನ್ನು ಬಾಗಿ ಎತ್ತಿಕೊಳ್ಳುವುದು ಇವೆಲ್ಲ ನಡೆಯುತ್ತಿದ್ದವು. ಮೆಚ್ಚಿದವರು ಒಂದು ರೂಪಾಯಿ, ಎರಡು ರೂಪಾಯಿಯ ನೋಟನ್ನು ಅವನ ಅಂಗಿಗೆ ಪಿನ್ನಿನಿಂದ ಚುಚ್ಚುತ್ತಿದ್ದರು.

ನಾವು ಆರು ಜನ ಗುರುಗಳ ಕಣ್ಣು ತಪ್ಪಿಸಿ ಮೊದಲನೆಯ ದಿನದ ಆಟಕ್ಕೆ ಹೋದೆವು. ಕಾಲಿಡಲು ಸ್ಥಳವಿರಲಿಲ್ಲ. ರಾತ್ರಿ ಸಿಕ್ಕಿಬಿದ್ದೆವು. ಗುರುಗಳು ಬಯ್ಯಲಿಲ್ಲ. "ಮೊದಲನೆಯ ದಿನವನ್ನು ಎಲ್ಲರೂ ನೋಡುತ್ತಾರೆ. ನಾಲ್ಕನೆಯ ದಿನ ಮಧ್ಯಾಹ್ನ ಹೋಗಿ ನೋಡಿರಿ" ಎಂದಷ್ಟೇ ಹೇಳಿದರು.

ನಾಲ್ಕನೆಯ ದಿನ ಮಧ್ಯಾಹ್ನ ಹೋದೆವು. ಬಿಸಿಲು. ಧ್ವನಿವರ್ಧಕ ಬಂದಾಗಿತ್ತು. ಬಯಲಿನಲ್ಲಿ ನರಪಿಳ್ಳೆ ಇಲ್ಲ. ಸವಾರನೊಬ್ಬನೇ ತಲೆ ತಗ್ಗಿಸಿಕೊಂಡು, ಬೀಳದಿರುವಷ್ಟು ಮಾತ್ರ ವೇಗದಲ್ಲಿ ಕಂಬವನ್ನು ಸುತ್ತುತ್ತಿದ್ದ. ಕಣ್ಣು ಕೆಂಪಾಗಿ ಮುಖ ಬಾಡಿತ್ತು. ಒಬ್ಬ ಮುದುಕಿ ತಂಬಿಗೆಯಲ್ಲಿ ನೀರು ಹಿಡಿದು ಅವನ ಜೊತೆ ನಾಲ್ಕು ಹೆಜ್ಜೆ ನಡೆದು, ಅವನು ಕುಡಿದ ಮೇಲೆ ಹಿಂದಿರುಗಿದಳು. ಅವನಲ್ಲಿ ಯಾವ ಸಾಹಸವೂ ಕಾಣಲಿಲ್ಲ. ಸುತ್ತು ಮಾತ್ರ ನಿಲ್ಲಲಿಲ್ಲ. ಏನನ್ನು ನೋಡಲು ಗುರುಗಳು ಕಳುಹಿಸಿದರೆಂಬುದು ಆಗ ತಿಳಿಯಲಿಲ್ಲ. ಅವರೂ ಕೇಳಲಿಲ್ಲ.

ಕಲ್ಯಾಣದ ದಾರಿ

ಹುಮನಾಬಾದದಿಂದ ಬಸವಕಲ್ಯಾಣ ಸುಮಾರು 30 ಕಿಲೋಮೀಟರು. ಪುಣೆ–ಹೈದರಾಬಾದಿನ ರಾಷ್ಟ್ರೀಯ ಹೆದ್ದಾರಿಯಲ್ಲಿ ಪಡುವಣಕ್ಕೆ ಸಾಗಿ, ರಾಜೇಶ್ವರವನ್ನು ದಾಟಿ, ಸಸ್ತಾಪುರ ಬಂಗ್ಲಾದಲ್ಲಿ ಉತ್ತರಕ್ಕೆ ತಿರುಗಬೇಕು. ಶ್ರಾವಣದಲ್ಲಿ ಈ ದಾರಿಯ ಇಕ್ಕೆಲವೂ ಹಸಿರು: ಸೋಯಾ, ಹೆಸರು, ಉದ್ದು, ನಡುನಡುವೆ ಇನ್ನೂ ಮೊಣಕಾಲೆತ್ತರದ ತೊಗರಿ. ಕಪ್ಪು ಮಣ್ಣಿನ ಹೊಲ ಮುಗಿದಲ್ಲಿ ಕೆಂಪು ಮುರುಮಿನ ನೆಲ ತೆರೆದುಕೊಳ್ಳುತ್ತದೆ. ಹಿಂದೆ ಈ ದಾರಿಯಲ್ಲಿ ಶಾಲೆಯ ಮಾಸ್ತರರು, ಹಾಲು ಮಾರುವವರು, ಸಂತೆಗೆ ಹೋಗುವವರು ಸೈಕಲ್ಲಿನ ಮೇಲೆ ಸಾಲುಗಟ್ಟಿ ಬರುತ್ತಿದ್ದರು. ಈ ಸಲ ಬಸ್ಸಿನ ಕಿಟಕಿಯಿಂದ ಎಣಿಸಿದೆ. ಮೂರೇ ಸೈಕಲ್ ಕಂಡವು. ಮೂರರ ಮೇಲೂ ಶಾಲೆಯ ಹೆಣ್ಣುಮಕ್ಕಳೇ ಇದ್ದರು. ದೊಡ್ಡವರೆಲ್ಲ ಮೋಟಾರು ಬೈಕುಗಳ ಮೇಲಿದ್ದಾರೆ.

ಬಂಗ್ಲಾ ದಾಟಿ ಮುಂದೆ ಹೋದಂತೆ 2012ರಲ್ಲಿ ಅನಾವರಣಗೊಂಡ ಬಸವಣ್ಣನವರ 108 ಅಡಿ ಎತ್ತರದ ಪ್ರತಿಮೆ ಕಣ್ಣಿಗೆ ಬೀಳುತ್ತದೆ. ಹೊಸ ಅನುಭವ ಮಂಟಪದ ಭವ್ಯ ಕಟ್ಟಡಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಲಾಯಿತು. ಊರು ಬೆಳೆಯುತ್ತಿದೆ. ಆದರೆ ಕಲ್ಯಾಣ ಇಂದು ಮೊದಲ ಸಲ ದೊಡ್ಡದಾಗುತ್ತಿರುವ ಊರಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಆರನೆಯ ವಿಕ್ರಮಾದಿತ್ಯನ ಐವತ್ತು ವರ್ಷಗಳ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಮಿತಾಕ್ಷರವನ್ನೂ ಬಿಲ್ಹಣನು ವಿಕ್ರಮಾಂಕದೇವಚರಿತವನ್ನೂ ರಚಿಸಿದ ನೆಲವಿದು. ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಬರೆದ ಮಾನಸೋಲ್ಲಾಸದ ಐದು ಭಾಗಗಳಲ್ಲಿ ಎರಡು ಭಾಗಗಳು ವಿನೋದ ಹಾಗೂ ಕ್ರೀಡೆಗಳಿಗೇ ಮೀಸಲಾಗಿವೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಹೇಗೆ ವಿಂಗಡಿಸಬೇಕೆಂಬುದನ್ನೂ ಅರಸನು ಅಲ್ಲಿ ವಿವರಿಸಿದ್ದಾನೆ. ಆಟವು ಹುಡುಗಾಟಿಕೆಯಷ್ಟೇ ಎಂದು ಕಲ್ಯಾಣದ ಅರಸರು ಭಾವಿಸಿರಲಿಲ್ಲ.

ಕೆರೆಯ ದಂಡೆಯ ಸವಾರ

ಮರುದಿನ ಬೆಳಗಿನ ಜಾವ ಸ್ನಾನ ಪೂಜೆಗಳನ್ನು ಮುಗಿಸಿ ತ್ರಿಪುರಾಂತಕೇಶ್ವರ ಕೆರೆಯ ಕಡೆಗೆ ನಡೆದೆ. ಕೆರೆಯ ಸುತ್ತಲಿನ ಕೆಂಪು ಮುರಕಲ್ಲಿನಲ್ಲಿ ಕೊರೆದ ಶರಣರ ಗವಿಗಳಲ್ಲಿ ಕುಳಿತು ಓದುವುದು ನಮ್ಮ ಪದ್ಧತಿ. ರಾತ್ರಿ ಮಳೆಯಾಗಿತ್ತು. ಆದರೂ ಮುರುಮಿನ ನೆಲವಾದುದರಿಂದ ನೀರು ಇಂಗಿ ನೆಲ ಗಟ್ಟಿಯಾಗಿತ್ತು. ಗವಿಗಳ ದಾರಿಗೆ ತುಸು ದೂರದ ಸಮತಟ್ಟಾದ ಬಯಲಿನಲ್ಲಿ ಒಬ್ಬ ಮನುಷ್ಯ ಸಣ್ಣ ಗಾಲಿಯ ಸೈಕಲ್ಲಿನ ಮೇಲೆ ಸುತ್ತು ಹೊಡೆಯುತ್ತಿದ್ದ. ಮಕ್ಕಳ ಸೈಕಲ್ಲು, ಸವಾರನ ತಲೆಗೂದಲು ಅರ್ಧ ಬೆಳ್ಳಗೆ. ಮಡ್‌ಗಾರ್ಡು, ಕ್ಯಾರಿಯರ್, ಸ್ಟ್ಯಾಂಡು ಎಲ್ಲವನ್ನೂ ತೆಗೆದುಹಾಕಿದ್ದ. ನೋಡುತ್ತಿದ್ದಂತೆ ಮುಂದಿನ ಗಾಲಿ ಮೇಲೆದ್ದಿತು. ಹಿಂದಿನ ಗಾಲಿಯ ಮೇಲೆಯೇ ಒಂದು ಪೂರ್ತಿ ಸುತ್ತು ಬಂದು, ಸದ್ದಾಗದಂತೆ ಮುಂದಿನ ಗಾಲಿಯನ್ನು ನೆಲಕ್ಕಿಳಿಸಿದ.

ನನ್ನನ್ನು ಕಂಡು ಇಳಿದುಬಿಟ್ಟ. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ. "ಶರಣು ಅಪ್ಪಾರೆ. ಯಾರೂ ಬರೂದಿಲ್ಲ ಅಂತ ಈ ಹೊತ್ತಿಗೆ ಬರ್ತೀನ್ರಿ" ಎಂದ. "ಇಳಿಯಬೇಡ ತಮ್ಮಾ, ನಾನೂ ಯಾರೂ ಇಲ್ಲದ ಹೊತ್ತು ನೋಡಿಯೇ ಬಂದವನು" ಎಂದೆ. ಆ ಮಾತಿಗೆ ನಕ್ಕ. ಅಲ್ಲಿಂದ ಮಾತು ಬೆಳೆಯಿತು.

ಅವನ ಹೆಸರು ಇಲ್ಲಿ ಬೇಡ. ವಯಸ್ಸು ನಲವತ್ತೆಂಟು. ಊರಿನಲ್ಲಿ ಪಂಕ್ಚರ್ ತಿದ್ದುವ ಅಂಗಡಿ. ಅವನ ಸೋದರಮಾವ ಜಾತ್ರೆಗಳಲ್ಲಿ ಏಳು ದಿನದ ಸೈಕಲ್ ಆಟ ಆಡುತ್ತಿದ್ದವನಂತೆ. ಹತ್ತು ವರ್ಷದವನಿದ್ದಾಗಿನಿಂದ ಮಾವನ ಬೆನ್ನ ಹಿಂದೆ ತಿರುಗಿ ಇವನೂ ಕಲಿತ. ನಾಲ್ವರು ಗೆಳೆಯರು ಕೂಡಿ ಭಾಲ್ಕಿ, ಆಳಂದ, ಉಮರ್ಗಾ ಎಂದು ಜಾತ್ರೆ ಜಾತ್ರೆ ಸುತ್ತಿದರು. ಮನೆ ಮನೆಗೆ ಟೀವಿ ಬಂದಿತು, ಆ ಮೇಲೆ ಕೈ ಕೈಗೆ ಫೋನು ಬಂದಿತು. ಬಯಲಿನ ಆಟಕ್ಕೆ ಜನ ಕೂಡುವುದು ನಿಂತಿತು. ಗೆಳೆಯರಲ್ಲಿ ಒಬ್ಬ ಹೈದರಾಬಾದಿನಲ್ಲಿ ಲಾರಿ ನಡೆಸುತ್ತಾನೆ, ಒಬ್ಬ ದುಬೈಗೆ ಹೋದ, ಇನ್ನೊಬ್ಬ ತೀರಿಕೊಂಡ.

"ಅವ್ರೆಲ್ಲ ಬಿಟ್ರು. ನಾನೂ ಬಿಟ್ಟಿದ್ದೆನ್ರಿ" ಎಂದ. ಎರಡು ವರ್ಷ ಸೈಕಲ್ಲು ಅಂಗಡಿಯ ಗೋಡೆಗೆ ತೂಗಾಡಿತಂತೆ. ಮೊದಮೊದಲು ಬಿಟ್ಟಿರಲಾಗದೆ ಒದ್ದಾಟ. ಆ ಮೇಲೆ ಅದೂ ಇಲ್ಲ. "ಬ್ಯಾಸರ ಅಂದ್ರ ಸಿಟ್ಟಿನಂಗ ಇರಂಗಿಲ್ರಿ ಅಪ್ಪಾರೆ. ಏನೂ ಅನಸಂಗಿಲ್ಲ, ಅಷ್ಟ. ಅದ ಅಂಜಿಕಿ ಬಂತ್ರಿ."

ಈ ಮಾತು ನನ್ನನ್ನು ನಾಟಿತು. ನಾನು ಪುಸ್ತಕದ ಎದುರು ಕುಳಿತು ಅನುಭವಿಸಿದುದೂ ಇದೇ ಅಲ್ಲವೆ? ಮತ್ತೆ ಹೇಗೆ ಹತ್ತಿದೆ ಎಂದು ಕೇಳಿದೆ. ದೊಡ್ಡದೇನೋ ಹೇಳುವನೆಂದು ಕಾದಿದ್ದೆ. ಆತ ಹೇಳಿದುದು ಇಷ್ಟೇ: ಒಂದು ದಿನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಮೇಲೆ ನೋಡಿದರೆ ಗಾಲಿ ಗಾಳಿಯಿಲ್ಲದೆ ಜೋತುಬಿದ್ದಿತ್ತು. ಊರಿನ ಗಾಲಿಗಳಿಗೆಲ್ಲ ಗಾಳಿ ತುಂಬುವವನ ಅಂಗಡಿಯಲ್ಲಿ ಇದೊಂದು ಹೀಗಿರಬಾರದೆಂದು ಇಳಿಸಿ ಗಾಳಿ ತುಂಬಿದ. ಟ್ಯೂಬು ಹಳೆಯದು, ಮರುದಿನ ಮತ್ತೆ ಇಳಿದಿತ್ತು. ಮತ್ತೆ ತುಂಬಿದ. ಹೀಗೆ ಹದಿನೈದು ದಿನ ಬರೀ ಗಾಳಿ ತುಂಬಿದನೇ ಹೊರತು ಹತ್ತಲಿಲ್ಲ. ಆ ಮೇಲೆ ಒಂದು ಬೆಳಗು ಹತ್ತಿ ಒಂದು ಸುತ್ತು ಬಂದ. ಮರುದಿನ ಎರಡು. "ಹುರುಪು ಬರ್ಲಿ ಅಂತ ಕಾಯಲಿಲ್ರಿ. ಗಾಳಿ ತುಂಬೂದು ನನ್ನ ಕೈಯಾಗ ಇತ್ತು, ಅದನ್ನ ಮಾಡಿದ್ನಿ."

ಈಗಿನ ಸೈಕಲ್ಲು ಮಗನದು. ಶಾಲೆಗೆಂದು ಕೊಡಿಸಿದ್ದು. ಮಗ ಬೆಳೆದು ಹೊರ ಊರಿನಲ್ಲಿ ನೌಕರಿಯಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ ತಂದೆ ಈ ಸೈಕಲ್ಲನ್ನು ತೆಗೆದರೆ ನಾಚಿ ಒಳಗೆ ಹೋಗುತ್ತಾನಂತೆ. ನೆರೆಯವರು, "ಮೊಮ್ಮಕ್ಕಳು ಆಡೂ ವಯಸ್ಸಿನಾಗ ನೀ ಆಡಲತ್ತೀಯಲ್ಲ" ಎಂದು ಹಂಗಿಸುತ್ತಾರೆ. ಎರಡು ವರ್ಷದ ಹಿಂದೆ ಬಿದ್ದು ಮುಂಗೈ ಮುರಿದು, ಒಂದೂವರೆ ತಿಂಗಳು ಅಂಗಡಿ ಮುಚ್ಚಿತು. ಆಗ ಅವನ ಮನೆಯಾಕೆ ಸೈಕಲ್ಲನ್ನು ಗುಜರಿಗೆ ಹಾಕಲು ಹೊರಟಿದ್ದಳು. ಅವಳ ಸಿಟ್ಟು ನ್ಯಾಯವಾದುದೇ ಎಂದು ಅವನೇ ಹೇಳಿದ. ಮನೆ ನಡೆಯುವುದು ಆ ಎರಡು ಕೈಗಳಿಂದ. ಅಂದಿನಿಂದ ತನಗೆ ತಾನೇ ಕೆಲವು ಕಟ್ಟಳೆಗಳನ್ನು ಹಾಕಿಕೊಂಡಿದ್ದಾನೆ. ಎತ್ತರದಿಂದ ಹಾರುವುದಿಲ್ಲ; ಸಮತಟ್ಟಾದ ನೆಲದ ಮೇಲಿನ ಆಟ ಮಾತ್ರ. ಮನಸ್ಸು ಕೆಟ್ಟ ದಿನ ಗಾಲಿ ಎತ್ತುವುದಿಲ್ಲ, ಬರೀ ಸುತ್ತು ಬರುತ್ತಾನೆ. ತಲೆಗೆ ಹೆಲ್ಮೆಟ್ ಇಲ್ಲದೆ ಹತ್ತುವುದಿಲ್ಲ. ಅಂಗಡಿ ತೆಗೆಯುವ ಹೊತ್ತನ್ನು ಒಂದು ದಿನವೂ ಮೀರುವುದಿಲ್ಲ.

ಜೇಬಿನಿಂದ ಫೋನು ತೆಗೆದು ಒಂದು ದೃಶ್ಯ ತೋರಿಸಿದ. ಯಾವುದೋ ದೂರದೇಶದ, ಗಡ್ಡ ನೆರೆತ ಒಬ್ಬ ಮನುಷ್ಯ ಇಂಥದೇ ಸಣ್ಣ ಗಾಲಿಯ ಸೈಕಲ್ಲಿನ ಮೇಲೆ ಖಾಲಿ ಅಂಗಳವೊಂದರಲ್ಲಿ ತಿರುಗುತ್ತಿದ್ದ. ಇದನ್ನು ಜಗತ್ತಿನಲ್ಲಿ ಬಿಎಂಎಕ್ಸ್ ಎಂದು ಕರೆಯುತ್ತಾರೆ. 1970ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೋಟಾರು ಸೈಕಲ್ಲುಗಳ ಓಟವನ್ನು ಕಂಡ ಹುಡುಗರು ತಮ್ಮ ಸೈಕಲ್ಲುಗಳಲ್ಲಿ ಅದನ್ನು ಅನುಕರಿಸಿದುದರಿಂದ ಹುಟ್ಟಿದ ಆಟವಿದು. ಗಾಲಿಯ ಅಳತೆ 20 ಅಂಗುಲ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಇದರ ಓಟದ ಸ್ಪರ್ಧೆಯೂ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಇದರ ಸಾಹಸದ ಸ್ಪರ್ಧೆಯೂ ಸೇರಿದವು. ನಮ್ಮ ನಾಡಿನಲ್ಲಿ ವಿಜಯಪುರ, ಬಾಗಲಕೋಟೆಯ ಭಾಗ ಸೈಕಲ್ ಓಟಗಾರರಿಗೆ ಹೆಸರಾಗಿದ್ದರೂ ಈ ಬಗೆಯ ಆಟಕ್ಕೆ ನಮ್ಮ ಸೀಮೆಯಲ್ಲಿ ಸಂಘವೂ ಇಲ್ಲ, ಜೊತೆಗಾರರೂ ಇಲ್ಲ. ತಾನು ಮಾವನಿಂದ ಕಲಿತ ಜಾತ್ರೆಯ ಆಟಕ್ಕೂ ಇದಕ್ಕೂ ನಂಟಿದೆಯೆಂದು ತಿಳಿದ ದಿನ ಈತ ರಾತ್ರಿಯೆಲ್ಲ ನಿದ್ರಿಸಲಿಲ್ಲವಂತೆ. ಆದರೂ ಅವನೊಂದು ಮಾತು ಹೇಳಿದ: "ಫೋನಿನಾಗಿನ ಮಂದಿ ನೋಡಿದ್ರ ಒಬ್ಬನ ಇಲ್ಲ ಅನಸ್ತದ್ರಿ. ಫೋನ್ ಕೆಳಗಿಟ್ರ ಮತ್ತ ಒಬ್ಬನ."

ಚಂದಯ್ಯನವರ ಗವಿ

ಆ ಬೆಳಗು ನಾನು ನುಲಿಯ ಚಂದಯ್ಯನವರ ಗವಿಯಲ್ಲಿ ಕುಳಿತೆ. ಚಂದಯ್ಯನವರ ಕಥೆ ನಮ್ಮ ಮನೆಗಳಲ್ಲಿ ಅಪರಿಚಿತವಲ್ಲ. ಹೊಡಕೆಯ ಹುಲ್ಲನ್ನು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮ ದಾಸೋಹ ನಡೆಸಿದ ಶರಣರು. ಒಂದು ದಿನ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಕೈಯಿಂದ ಜಾರಿ ನೀರಿಗೆ ಬಿದ್ದಿತು. ಅವರು ಕಾಯಕವನ್ನು ನಿಲ್ಲಿಸಲಿಲ್ಲ. ಹುಲ್ಲಿನ ಹೊರೆ ಹೊತ್ತು ನಡೆದರು. ಲಿಂಗವೇ ಹಿಂದೆ ಹಿಂದೆ ಬಂದಿತು. ಚಂದಯ್ಯನವರು ಅದನ್ನು ಮರಳಿ ಸ್ವೀಕರಿಸಲು ಒಪ್ಪಲಿಲ್ಲ. ಕಡೆಗೆ ಮಡಿವಾಳ ಮಾಚಯ್ಯನವರು ನಡುವೆ ಬಂದು ಇಬ್ಬರನ್ನೂ ಕೂಡಿಸಿದರೆಂದು ಪರಂಪರೆ ಹೇಳುತ್ತದೆ.

ಈ ಕಥೆಯನ್ನು ಎಷ್ಟೋ ವೇದಿಕೆಗಳಲ್ಲಿ ನಾನೇ ಹೇಳಿದ್ದೇನೆ. ಕಾಯಕದ ಹಿರಿಮೆಯನ್ನು ಸಾರುವ ಕಥೆಯೆಂದು ವಿವರಿಸಿದ್ದೇನೆ. ಆದರೆ ಅಂದು, ಹೊರಗಿನ ಬಯಲಿನಲ್ಲಿ ಸಣ್ಣ ಗಾಲಿಯ ಸದ್ದು ಕೇಳುತ್ತಿರುವಾಗ, ಅದರಲ್ಲಿ ಎರಡು ಸಂಗತಿಗಳು ಹೊಸದಾಗಿ ಕಂಡವು. ಒಂದು: ಅತ್ಯಂತ ಪ್ರಿಯವಾದುದು ಕೈ ಜಾರಿದ ದಿನವೂ ಮಾಡುವ ಕೆಲಸವೊಂದು ಕೈಯಲ್ಲಿ ಉಳಿದಿರುತ್ತದೆ, ಅದನ್ನು ಮಾಡುತ್ತ ನಡೆದರೆ ಜಾರಿದುದು ಹಿಂಬಾಲಿಸಿ ಬರಬಹುದು. ಇನ್ನೊಂದು: ಬಂದುದನ್ನು ಮರಳಿ ಸ್ವೀಕರಿಸಲು ಒಬ್ಬ ಮಾಚಯ್ಯ ಬೇಕು. ಚಂದಯ್ಯನಂಥ ಶರಣನಿಗೂ ಅದು ಒಬ್ಬನೇ ಕುಳಿತಾಗ ಆಗಲಿಲ್ಲ.

ಸೈಕಲ್ಲಿನ ಆಟವನ್ನು ಲಿಂಗಪೂಜೆಗೆ ಸಮಮಾಡಿದೆನೆಂದು ಯಾರೂ ತಪ್ಪು ತಿಳಿಯಬಾರದು. ಆದರೆ ಮನಸ್ಸಿನ ಏರಿಳಿತಗಳ ನಿಯಮ ಎರಡರಲ್ಲಿಯೂ ಒಂದೇ. ನಮ್ಮ ಷಟ್‌ಸ್ಥಲ ಶಾಸ್ತ್ರವನ್ನೇ ನೋಡೋಣ. ಭಕ್ತನಿಂದ ಐಕ್ಯನವರೆಗಿನ ಆರು ಸ್ಥಲಗಳಲ್ಲಿ ಭಕ್ತಿಗೆ ಆರು ಹೆಸರುಗಳಿವೆ: ಶ್ರದ್ಧಾಭಕ್ತಿ, ನಿಷ್ಠಾಭಕ್ತಿ, ಅವಧಾನಭಕ್ತಿ, ಅನುಭಾವಭಕ್ತಿ, ಆನಂದಭಕ್ತಿ, ಸಮರಸಭಕ್ತಿ. ಭಕ್ತಿಯು ಒಂದೇ ಬಣ್ಣದಲ್ಲಿ ಕೊನೆಯವರೆಗೆ ಉಳಿಯಬೇಕೆಂದು ಆಚಾರ್ಯರು ಎಲ್ಲಿಯೂ ಹೇಳಲಿಲ್ಲ. ಮೊದಲನೆಯದು ಶ್ರದ್ಧೆ, ಹರೆಯದ ಹುರುಪು ಅದರದು. ಅದು ಇಳಿದಾಗ ನಿಷ್ಠೆ ಹಿಡಿದು ನಿಲ್ಲಿಸಬೇಕು. ನಿಷ್ಠೆಯೂ ಬರೀ ರೂಢಿಯಾದಾಗ ಅವಧಾನ, ಎಂದರೆ ಮಾಡುತ್ತಿರುವುದರ ಮೇಲೆ ಎಚ್ಚರದ ಗಮನ, ಬೇಕು. ಆನಂದಕ್ಕೆ ಐದನೆಯ ಸ್ಥಾನ. ಮೂರನೆಯ ಮೆಟ್ಟಿಲಿನ ಮೇಲೆ ನಿಂತು, "ಆನಂದವೇಕೆ ಬರಲಿಲ್ಲ, ಆದುದರಿಂದ ನನ್ನ ಭಕ್ತಿ ಸತ್ತಿತು" ಎಂದು ಇಳಿದು ಹೋಗುವವರೇ ಹೆಚ್ಚು. ನಾನೂ ಹಾಗೆ ಇಳಿಯುವವನಿದ್ದೆ. ಗಾಲಿಗೆ ಹದಿನೈದು ದಿನ ಗಾಳಿ ತುಂಬಿದವನು ಶಾಸ್ತ್ರವನ್ನು ಓದದೆಯೇ ನಿಷ್ಠೆಯಿಂದ ಅವಧಾನಕ್ಕೆ ಬಂದಿದ್ದ.

ಒಂಟಿತನದ ವಿಷಯದಲ್ಲಿಯೂ ಕಲ್ಯಾಣದ ನೆಲವೇ ಪಾಠ ಹೇಳುತ್ತದೆ. ಇಲ್ಲಿ ಮಂಟಪವೂ ಇದೆ, ಗವಿಯೂ ಇದೆ. ಶರಣರು ಮಂಟಪದಲ್ಲಿ ಕೂಡಿ ನುಡಿದರು, ಗವಿಯಲ್ಲಿ ಒಬ್ಬರೇ ಕುಳಿತರು. ಕಲ್ಯಾಣದ ಕ್ರಾಂತಿಯ ತರುವಾಯ ಚನ್ನಬಸವಣ್ಣನವರು ಉಳವಿಗೆ, ಉಳಿದವರು ದಿಕ್ಕು ದಿಕ್ಕಿಗೆ ಹೊರಟಾಗ ಮಂಟಪ ಹಿಂದೆ ಉಳಿಯಿತು. ಗವಿಯಲ್ಲಿ ಕಲಿತ ಒಂಟಿತನವೇ ದಾರಿಯಲ್ಲಿ ಅವರಿಗೆ ಬುತ್ತಿಯಾಯಿತು. ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ ಬೇಕಾದರೆ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರನ್ನು ನೆನೆಯಬೇಕು. ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ಹೊಗಳುವವರಿಲ್ಲದ ಕಾಲದಲ್ಲಿ ವರ್ಷಗಟ್ಟಲೆ ನಡೆಸಿದ ಕೆಲಸವದು. ಬಸವಕಲ್ಯಾಣದಲ್ಲಿ ಅನುಭವ ಮಂಟಪದ ಕಟ್ಟಡವನ್ನು ಎಬ್ಬಿಸಿದವರೂ ಅವರೇ. 1999ರಲ್ಲಿ ಅವರು ಲಿಂಗೈಕ್ಯರಾದಾಗ ಸೀಮೆಗೆ ಸೀಮೆಯೇ ಕಂಬನಿ ಮಿಡಿಯಿತು. ಆದರೆ ಅವರ ನಾಲ್ಕನೆಯ ದಿನದ ಮಧ್ಯಾಹ್ನಗಳನ್ನು ಎಷ್ಟು ಜನ ಕಂಡರು?

ಹೌದು, ಗುರುಗಳು ನಮ್ಮನ್ನು ಆ ಮಧ್ಯಾಹ್ನ ಬಯಲಿಗೆ ಕಳುಹಿಸಿದುದು ಏಕೆಂಬುದು ಐವತ್ತು ವರ್ಷದ ಮೇಲೆ ಚಂದಯ್ಯನವರ ಗವಿಯಲ್ಲಿ ತಿಳಿಯಿತು. ಸವಾರನನ್ನು ನೋಡಲಷ್ಟೇ ಅಲ್ಲ. ತಂಬಿಗೆ ಹಿಡಿದು ನಾಲ್ಕು ಹೆಜ್ಜೆ ಜೊತೆಗೆ ನಡೆದ ಆ ಮುದುಕಿಯನ್ನೂ ನೋಡಲೆಂದು ಕಳುಹಿಸಿದ್ದರು.

ಮನೆಯವರಿಗೆ ಒಂದು ಮಾತು

ನಮ್ಮ ಮನೆಗಳಲ್ಲಿ ಇಂಥವರು ಇರುತ್ತಾರೆ. ಒಬ್ಬ ಚಿಕ್ಕಪ್ಪ ಹಾರ್ಮೋನಿಯಂ ಬಿಡಲಾರ. ಒಬ್ಬ ಅತ್ತೆ ಕೌದಿ ಹೊಲಿಯುವುದನ್ನು ಬಿಡಲಾರಳು. ಒಬ್ಬ ಅಣ್ಣ ವಯಸ್ಸು ಮೀರಿದರೂ ಗರಡಿಗೆ ಹೋಗುತ್ತಾನೆ. ಜೊತೆಯವರೆಲ್ಲ ಬಿಟ್ಟ ಮೇಲೆ ಉಳಿದ ಒಬ್ಬರನ್ನು ನಾವು ನಗೆಗೀಡು ಮಾಡುತ್ತೇವೆ. ಮನೆಯ ಅನ್ನಕ್ಕೆ, ಮೈಯ ಕ್ಷೇಮಕ್ಕೆ ಕುಂದು ಬರುವಂತಿದ್ದರೆ ತಡೆಯಬೇಕು, ನಿಜ. ಆ ಸವಾರನ ಮನೆಯಾಕೆ ತಡೆದುದರಿಂದಲೇ ಅವನಿಗೆ ಕಟ್ಟಳೆಗಳು ಹುಟ್ಟಿದವು. ಆದರೆ ತಡೆಯುವುದು ಬೇರೆ, ಹಂಗಿಸುವುದು ಬೇರೆ. ಅವರ ಜೊತೆ ನಾವೂ ಹಾರ್ಮೋನಿಯಂ ಬಾರಿಸಬೇಕಾಗಿಲ್ಲ. ವಾರಕ್ಕೊಮ್ಮೆ ಎದುರಿಗೆ ಕುಳಿತು ಕೇಳಿದರೆ ಸಾಕು. ಕಡೆಗೆ ಒಂದು ತಂಬಿಗೆ ನೀರು.

ಒಂಟಿಯಾಗಿ ಉಳಿದವರಿಗೂ ಒಂದು ಮಾತಿದೆ. ಹುರುಪು ಇಳಿಯಿತೆಂದು ಅಂಜಬೇಡಿರಿ. ಅದು ಇದ್ದಾಗ ಮಾಡಿದುದನ್ನೆಲ್ಲ ಈಗಲೂ ಮಾಡಬೇಕೆಂಬ ಹಟವೂ ಬೇಡ. ಎತ್ತರದಿಂದ ಹಾರುವುದನ್ನು ಬಿಟ್ಟವನು ಸಮನೆಲದ ಮೇಲೆ ತಿರುಗುವುದನ್ನು ಬಿಡಬೇಕಾಗಿಲ್ಲ. ಏನೂ ಬೇಡವೆನಿಸಿದ ದಿನ ಗಾಳಿಯನ್ನಷ್ಟೇ ತುಂಬಿರಿ.

ಹೊರಡುವ ದಿನ ಬೆಳಗಿನಲ್ಲಿ ಮತ್ತೆ ಬಯಲಿಗೆ ಹೋದೆ. ಅವನು ಬಂದಿದ್ದ. "ಅಪ್ಪಾರೆ, ಗವಿಯಾಗ ಓದೂದನ್ನ ಇವತ್ತ ಇಲ್ಲೇ ಓದ್ರಿ. ನಾ ನನ್ನ ಸುತ್ತು ಹೊಡೀತೀನಿ" ಎಂದ. ಒಂದು ಬಂಡೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿದೆ. ಬಹಳ ದಿನಗಳ ಮೇಲೆ ನನ್ನ ದನಿಯನ್ನು ಇನ್ನೊಬ್ಬರ ಕಿವಿಗೆಂದು ಓದಿದೆ. ಅವನಿಗೆ ಎಷ್ಟು ಕೇಳಿಸಿತೋ, ಅವನ ಆಟವನ್ನು ನಾನು ಎಷ್ಟು ಅರಿತೆನೋ ಹೇಳಲಾರೆ. ಹಳೆಯ ಹುರುಪು ಮರಳಿ ಬಂದಿತೆಂದೂ ಹೇಳಲಾರೆ. ಓದು ಮಾತ್ರ ನಡೆಯಿತು. ಹೊತ್ತು ಏರಿದಾಗ ಅವನು ಅಂಗಡಿಗೆ ಹೊರಟ, ನಾನು ಬಸ್ಸಿಗೆ ಹೊರಟೆ.

ಹುಮನಾಬಾದದ ನಿಲ್ದಾಣದಲ್ಲಿ ಕುಳಿತು, ಪುಣೆಯ ಗೆಳೆಯರಿಗೂ ಮೊಣಕಾಲಿನ ಗೆಳೆಯರಿಗೂ ದೂರವಾಣಿ ಮಾಡಿದೆ. ಇನ್ನು ಮುಂದೆ ಪ್ರತಿ ಸೋಮವಾರ ಸಂಜೆ ಒಂದು ಗಳಿಗೆ ಮೂವರೂ ದೂರವಾಣಿಯಲ್ಲಿಯೇ ಕೂಡಿ ಓದುವುದೆಂದು ಮಾತಾಯಿತು. ಮುಂದಿನ ಶ್ರಾವಣಕ್ಕೆ, ಒಬ್ಬನೇ ಆದರೂ, ಕಲ್ಯಾಣಕ್ಕೆ ಬರುವೆನೆಂದು ನಿಶ್ಚಯಿಸಿದ್ದೇನೆ. ಕೆರೆಯ ದಂಡೆಯ ಬಯಲಿನಲ್ಲಿ ಯಾರಾದರೂ ಒಬ್ಬರೇ ಸುತ್ತು ಹೊಡೆಯುತ್ತಿರುವುದನ್ನು ನಮ್ಮ ಓದುಗ ಬಂಧುಗಳು ಕಂಡರೆ, ನಗದೆ, ನಾಲ್ಕು ಗಳಿಗೆ ನಿಂತು ನೋಡಿ ಮುಂದೆ ಹೋಗಬೇಕೆಂದು ಪ್ರಾರ್ಥನೆ.